ನೀರ ನಡುವಿನ ಕೊರಡು

ಮಳೆ ಹೊಳವಾಗಿ ಎಳೆಬಿಸಿಲು ಬೀಳತೊಡಗಿದ ಈ ವಾರ, ಕೆರೆ ಏರಿಯ ಮೇಲೆ ನಡೆಯುವವರ ಕಣ್ಣಿಗೆ ಬಿದ್ದೇ ಬಿದ್ದಿರಬೇಕು ಆ ನೋಟ. ನೀರ ನಡುವೆ ಒಂದು ಒಣ ಕೊರಡು. ಅದರ ತುದಿಯಲ್ಲಿ, ಹಗ್ಗದ ಮೇಲೆ ಹರವಿದ ಕರಿಕಂಬಳಿಯ ಹಾಗೆ ಎರಡೂ ರೆಕ್ಕೆ ಬಿಚ್ಚಿ ಅಲುಗದೆ ಕೂತ ನೀರುಕಾಗೆ. ಮೊದಲ ಸುತ್ತಿನಲ್ಲಿ ಕಂಡದ್ದು ಎರಡನೆಯ ಸುತ್ತಿಗೆ ಬಂದಾಗಲೂ ಹಾಗೇ ಕೂತಿರುತ್ತದೆ. ದಿನಾ ಕಾಣುವುದರಿಂದ ಯಾರೂ ನಿಲ್ಲುವುದಿಲ್ಲ. ನಿಂತರೆ ಮಾತ್ರ ಒಂದು ಪ್ರಶ್ನೆ ಏಳುತ್ತದೆ: ನೀರನ್ನೇ ನಂಬಿ ಬದುಕುವ ಹಕ್ಕಿಗೆ ರೆಕ್ಕೆ ಒಣಗಿಸುವ ಕಷ್ಟ ಯಾಕೆ? ಅಲ್ಲೇ ತೇಲುವ ಬಾತಿನ ಬೆನ್ನಿನಿಂದ ನೀರು ಕೆಸುವಿನೆಲೆಯಿಂದ ಜಾರಿದ ಹಾಗೆ ಜಾರಿಹೋಗುತ್ತದಲ್ಲ?

ಹಕ್ಕಿಗಳನ್ನು ಬಲ್ಲವರ ವಿವರಣೆ ಹೀಗಿದೆ. ನೀರುಕಾಗೆಯ ಗರಿಯ ಹೊರ ಅಂಚು ನೀರು ಹೀರುತ್ತದೆ, ಒಳಭಾಗ ಮಾತ್ರ ಮೈಗೆ ತಣ್ಣೀರು ತಾಗದಂತೆ ಕಾಯುತ್ತದೆ. ಗರಿಗಳ ನಡುವೆ ಗಾಳಿ ತುಂಬಿಕೊಂಡಿದ್ದರೆ ಹಕ್ಕಿ ಬೆಂಡಿನಂತೆ ತೇಲುತ್ತದೆ. ಗರಿ ನೆನೆದು ಆ ಗಾಳಿ ಹೊರಟುಹೋದರೆ ಮುಳುಗುವುದು ಸುಲಭ. ಮೀನಿನ ಬೆನ್ನು ಹತ್ತಿ ನೀರೊಳಗೇ ಈಜುವ ಹಕ್ಕಿಗೆ ಬೇಕಾದದ್ದು ಅದೇ. ಕೊರಳೊಂದನ್ನೇ ಮೇಲಿಟ್ಟು ಈಜುವ ಅದರ ದಾಯಾದಿ ಹಾವಕ್ಕಿಯದೂ ಇದೇ ರೀತಿ. ರೆಕ್ಕೆ ಹರವುವುದು ಮೈ ಕಾಯಿಸಿಕೊಳ್ಳಲು, ತಿಂದ ಮೀನು ಅರಗಲು ಎನ್ನುವವರೂ ಇದ್ದಾರೆ, ಅದರಲ್ಲೂ ಸ್ವಲ್ಪ ನಿಜವಿರಬಹುದು. ಯಾವುದೇ ಆದರೂ, ಮುಳುಗಿ ಎದ್ದ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂರಲು ಅದಕ್ಕೊಂದು ಜಾಗ ಬೇಕು. ಅಲ್ಲಿಗೆ ನಾಯಿ ಬರಕೂಡದು, ಬಿಸಿಲಿಗೆ ಎಲೆ ಅಡ್ಡವಾಗಕೂಡದು, ಹತ್ತಿರದಲ್ಲೇ ಮೀನಿರಬೇಕು. ಇಷ್ಟೂ ಒಟ್ಟಿಗೆ ಸಿಗುವುದು ನೀರಿನಲ್ಲಿ ನಿಂತು ಸತ್ತ ಮರದ ಮೇಲೆ. ಹಾಗೆ ನೋಡಿದರೆ ಆ ಕೊರಡು ಹಕ್ಕಿಯ ಬೇಟೆಯ ಅರ್ಧ ಭಾಗ.

ಕೆರೆ ಚೆಂದ ಮಾಡೋಣ ಎಂದು ಹೊರಟಾಗ ಮೊದಲು ಕಣ್ಣಿಗೆ ಚುಚ್ಚುವುದೂ ಆ ಕೊರಡೇ. ಅದರ ಜೊತೆಗೆ ಅಂಚಿನ ಜೊಂಡು, ನೀರು ಇಳಿದಾಗ ಬಾಯಿಬಿಡುವ ಕೆಸರು, ನೀರ ಮೇಲೆ ಹರಡಿದ ಎಲೆ. ಇವನ್ನೆಲ್ಲ ತೆಗೆದು, ಸುತ್ತ ಕಲ್ಲು ಕಟ್ಟಿ, ನಡುವೆ ತಿಳಿನೀರು ನಿಲ್ಲಿಸಿದರೆ ಕನ್ನಡಿಯ ಹಾಗೆ ಕಾಣುತ್ತದೆ, ನಿಜ. ಆದರೆ ಈಗ ಕೆರೆಯ ಬದುಕು ಎಲ್ಲೆಲ್ಲಿದೆ ಎಂದು ಒಂದೊಂದಾಗಿ ಲೆಕ್ಕ ಹಾಕಿ. ನಾಮದ ಕೋಳಿ ಗೂಡು ಕಟ್ಟುವುದು ಜೊಂಡಿನ ನಡುವೆ. ದೇವನಕ್ಕಿ ತನ್ನ ಉದ್ದುದ್ದ ಬೆರಳುಗಳ ಮೇಲೆ ಭಾರ ಹಂಚಿಕೊಂಡು ನಡೆಯುವುದು ತೇಲುವ ಎಲೆಗಳ ಮೇಲೆ. ಅಲ್ಲೇ ಮೊಟ್ಟೆ, ಅಲ್ಲೇ ಕಾವು. ಕಾವು ಕೊಡುವುದು ಗಂಡು. ಚಳಿಗಾಲಕ್ಕೆ ದೂರದ ನಾಡಿನಿಂದ ಬರುವ ಗದ್ದೆಗೊರವ ಹುಳ ಹೆಕ್ಕುವುದು ಕೆಸರಿನಲ್ಲಿ. ಕಲ್ಲು ಕಟ್ಟಿದ ಅಂಚಿನಲ್ಲಿ ನೀರು ದಡದಿಂದಲೇ ಆಳಕ್ಕೆ ಇಳಿಯುತ್ತದೆ, ಕಾಲೂರಲು ಇವುಗಳಲ್ಲಿ ಒಂದಕ್ಕೂ ನೆಲೆಯಿಲ್ಲ. ನಾವು ಕೊಳಕು ಎಂದು ಕರೆಯುವ ಜಾಗಕ್ಕೇ ಹೆಚ್ಚು ಜೀವ ಬಂದು ಸೇರಿದೆ.

ಇದಕ್ಕೆ ಎದುರು ಮಾತು ಇಲ್ಲವೆಂದಲ್ಲ. ಹೀಗೇ ಬಿಟ್ಟರೆ ಸೊಳ್ಳೆ, ಹಾವು. ವಯಸ್ಸಾದವರು, ಮಕ್ಕಳು ಓಡಾಡುವುದು ಹೇಗೆ? ನ್ಯಾಯವಾದ ಪ್ರಶ್ನೆ. ಏರಿಯ ಮೇಲಿನ ದಾರಿ ನುಣ್ಣಗಿರಲಿ, ಕೂರಲು ಕಲ್ಲುಬೆಂಚು ಇರಲಿ, ಗಾಲಿಕುರ್ಚಿಯೂ ಹೋಗುವಂತಿರಲಿ. ಎಲ್ಲರೂ ಸುಲಭವಾಗಿ ನಡೆಯಬಲ್ಲ ದಾರಿಯಿಂದಲೇ ಕೆರೆಗೆ ಹೆಚ್ಚು ಬಂಧುಗಳು ಹುಟ್ಟುತ್ತಾರೆ. ಆ ಅನುಕೂಲ ದಾರಿಗಷ್ಟೇ ಇರಲಿ, ನೀರಿನಂಚಿನವರೆಗೂ ಇಳಿಯುವುದು ಬೇಡ. ಸೊಳ್ಳೆಯ ಮಾತಿಗೆ ಬಂದರೆ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಮನೆಯ ಸುತ್ತಿನ ತೆಂಗಿನ ಚಿಪ್ಪು, ಹಳೆಯ ಟೈರು, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ. ಕೊಳಚೆ ನೀರಿನ ಸೊಳ್ಳೆ ಬೇರೆ, ಅದಕ್ಕೆ ಮದ್ದು ಕೆರೆಗೆ ಚರಂಡಿ ಸೇರದ ಹಾಗೆ ನೋಡಿಕೊಳ್ಳುವುದು. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ನೀರಿನಲ್ಲಿ ಸೊಳ್ಳೆಮರಿಗೆ ಉಳಿಗಾಲ ಕಡಿಮೆ. ಕೆರೆಯಲ್ಲಿ ತಲೆಯೆತ್ತಿ ಈಜುವ ಹಾವು ಬಹುಮಟ್ಟಿಗೆ ವಿಷವಿಲ್ಲದ ನೀರುಹಾವು, ಕಪ್ಪೆ ಮೀನು ಹುಡುಕಿ ಬಂದದ್ದು.

ಇನ್ನೊಂದು ಮಾತೂ ಕೇಳಿಬರುತ್ತದೆ. ಕೆರೆಯೇ ಮನುಷ್ಯ ಕಟ್ಟಿದ್ದು, ಅದನ್ನು ಕಾಡಿನ ಹಾಗೆ ಬಿಡಬೇಕೆನ್ನುವುದು ಯಾವ ಲೆಕ್ಕ? ಕಟ್ಟಿದ್ದು ನಿಜವೇ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಹೊಲಗದ್ದೆಗಳಿಗೆ ನೀರುಣಿಸಲು. ಇವತ್ತು ಅಲ್ಲಿ ಬೆಳಗಿನ ನಡಿಗೆಯವರೂ ಹೆಜ್ಜಾರ್ಲೆಗಳೂ ಒಂದೇ ಕೆರೆಯನ್ನು ಹಂಚಿಕೊಂಡಿದ್ದಾರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ನೀರಾವರಿಗೆಂದೇ ಕಟ್ಟಿದ ಕೆರೆ. ಅದರೊಳಗೆ ನಿಂತ ಜಾಲಿ ಮರಗಳನ್ನು ಹಕ್ಕಿಗಳು ತಮ್ಮದೆಂದುಕೊಂಡವು, 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಕಟ್ಟಿದವರು ಹಕ್ಕಿಗಾಗಿ ಕಟ್ಟಲಿಲ್ಲ. ಹೂಳೆತ್ತುತ್ತ, ತೂಬು ಕೋಡಿ ನೋಡಿಕೊಳ್ಳುತ್ತ ಬಂದವರು ಅಂಚನ್ನು ಅಂಚಾಗಿಯೇ ಬಿಟ್ಟರು, ಉಳಿದವು ತಾವಾಗಿ ಬಂದವು. ಹೀಗೆ ಬಿಡುವುದೂ ಕೆರೆ ನೋಡಿಕೊಳ್ಳುವ ಕೆಲಸದಲ್ಲೇ ಸೇರಿದೆ. ಯಾವುದನ್ನು ಬಿಡಬೇಕು ಎಂದು ತಿಳಿಯಲು ಮಾತ್ರ ಆಗಾಗ ನಿಂತು ನೋಡಿರಬೇಕು.

ಆರೋಗ್ಯಕ್ಕೆಂದು ನಡೆಯುವವರು ಹೆಜ್ಜೆ ಎಣಿಸುವುದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಸುತ್ತಿನಲ್ಲಿ ಒಮ್ಮೆ, ಎರಡು ನಿಮಿಷ, ಕೊರಡಿನ ನೇರಕ್ಕೆ ನಿಂತರೆ ಲೆಕ್ಕವೇನೂ ಕೆಡುವುದಿಲ್ಲ. ಅಷ್ಟರಲ್ಲಿ ನೀರುಕಾಗೆ ರೆಕ್ಕೆ ಒಮ್ಮೆ ಕೊಡವಿ ಮಡಚಿಕೊಂಡು ನೀರಿಗಿಳಿದಿರಬಹುದು. ಆಗ ಉಳಿಯುವುದು ಬರೀ ಕೊರಡು, ಹಿಕ್ಕೆಯಿಂದ ಬೆಳ್ಳಗಾದ ಅದರ ತುದಿ. ಅದು ಯಾರಿಗಾಗಿ ಅಲ್ಲಿ ನಿಂತಿದೆ ಎಂಬುದು ಈಗ ನಮಗೂ ಗೊತ್ತು.