ಮಾಲು ದೊಡ್ಡದು, ಕಂಟೇನರ್ ಯಾವುದು?



ಯೆರವಡಾದಿಂದ ನಗರ ರಸ್ತೆಯಲ್ಲಿ ಓಡಾಡುವವರು ಉದ್ದನೆಯ ಟ್ರೇಲರುಗಳ ಮೇಲೆ ಕಬ್ಬಿಣದ ಕಂಟೇನರುಗಳು ಹೋಗುವುದನ್ನು ನೋಡಿಯೇ ಇರುತ್ತೀರಿ. ಅಪರೂಪಕ್ಕೊಮ್ಮೆ ಅವುಗಳಲ್ಲಿ ಒಂದಕ್ಕೆ ತಗಡಿನ ಛಾವಣಿಯೇ ಇರುವುದಿಲ್ಲ, ಮೇಲೆ ಟಾರ್ಪಾಲು ಬಿಗಿದಿರುತ್ತಾರೆ. ಅದೇ ಓಪನ್-ಟಾಪ್ ಕಂಟೇನರ್. ಇವತ್ತಿನ ಮಾತು ಅದರ ಬಗ್ಗೆ.

ಇದು ನಮಗೇಕೆ ಎನ್ನಬೇಡಿ. ಪುಣೆಗೂ ಯಂತ್ರಕ್ಕೂ ಇರುವ ನಂಟಿನಲ್ಲಿ ಕನ್ನಡ ನೆಲದ ಪಾಲೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಶುರುವಾದದ್ದು ಯೆರವಡಾದಿಂದ ನದಿ ದಾಟಿದರೆ ಸಿಗುವ ಖಡಕಿಯಲ್ಲಿ. ಇಂದು ಪುಣೆಯ ಸುತ್ತ ಸಣ್ಣ ವರ್ಕ್‌ಶಾಪುಗಳೂ ಹೊರದೇಶಕ್ಕೆ ಯಂತ್ರ ಕಳಿಸುತ್ತವೆ. ಅಲ್ಲಿ ವೆಲ್ಡಿಂಗ್ ಮಾಡುವವರಲ್ಲಿ, ಪ್ಯಾಕಿಂಗ್ ಮಾಡುವವರಲ್ಲಿ, ಟ್ರೇಲರ್ ಓಡಿಸುವವರಲ್ಲಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ.

ಒಂದು ಲೆಕ್ಕ ಹಾಕೋಣ. ಯಂತ್ರದ ಉದ್ದ 5 ಮೀಟರ್, ಅಗಲ 2.1 ಮೀಟರ್, ಎತ್ತರ 2.7 ಮೀಟರ್, ತೂಕ 9 ಟನ್. ಎತ್ತರ ಅಳೆಯುವಾಗ ಕೆಳಗಿನ ಮರದ ತೊಲೆಗಳನ್ನೂ ಸೇರಿಸಿಯೇ ಅಳೆಯಬೇಕು. ಇದನ್ನು ಮರೆತವರು ಕಂಟೇನರ್ ಬಂದು ಅಂಗಳದಲ್ಲಿ ನಿಂತ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಮಾಮೂಲಿ 20 ಅಡಿ ಕಂಟೇನರಿನ ಬಾಗಿಲಿನ ಎತ್ತರ ಸುಮಾರು 2.28 ಮೀಟರ್. ಹೈ-ಕ್ಯೂಬ್ ಎನ್ನುವ ಎತ್ತರದ 40 ಅಡಿ ಕಂಟೇನರಿನ ಬಾಗಿಲು ಸುಮಾರು 2.58 ಮೀಟರ್. ನಮ್ಮ ಯಂತ್ರ ಎರಡರಲ್ಲೂ ತೂರದು. ಓಪನ್-ಟಾಪ್ ಆದರೆ ಮೇಲಿನ ಅಡ್ಡ ಕಂಬಿಗಳನ್ನು ತೆಗೆದು, ಕ್ರೇನಿನಿಂದ ಯಂತ್ರವನ್ನು ಮೇಲಿಂದಲೇ ಇಳಿಸಬಹುದು. ಒಳಗಿನ ಎತ್ತರ ಸುಮಾರು 2.35 ಮೀಟರ್ ಇರುವುದರಿಂದ ಯಂತ್ರದ ತಲೆ ಒಂದು ಅಡಿಗಿಂತ ಹೆಚ್ಚು ಹೊರಗೆ ಉಳಿಯುತ್ತದೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಮೊದಲನೆಯದು, ಓಪನ್-ಟಾಪ್ ಪರಿಹರಿಸುವುದು ಎತ್ತರದ ತೊಡಕನ್ನು ಮಾತ್ರ, ಅಗಲದ್ದನ್ನಲ್ಲ. ಮೇಲಿನ ಬಾಯಿಯ ಅಗಲ ಒಳಗಿನ ಅಗಲಕ್ಕಿಂತ ಕಡಿಮೆ, ಸುಮಾರು 2.2 ಮೀಟರ್. ಮಾಲು 2.4 ಮೀಟರ್ ಅಗಲವಿದ್ದರೆ ಪಕ್ಕದ ಗೋಡೆಗಳೇ ಇಲ್ಲದ ಫ್ಲಾಟ್-ರ‍್ಯಾಕ್ ಕೇಳಬೇಕು. ಎರಡನೆಯದು, ತಲೆ ಹೊರಗೆ ಬಂದ ಕಂಟೇನರಿನ ಮೇಲೆ ಹಡಗಿನಲ್ಲಿ ಇನ್ನೊಂದನ್ನು ಇಡಲಾಗದು. ಹೀಗೆ ಖಾಲಿ ಉಳಿದ ಜಾಗದ ಬಾಡಿಗೆಯನ್ನೂ ಹಡಗು ಕಂಪನಿ ನಮ್ಮಿಂದಲೇ ವಸೂಲು ಮಾಡುತ್ತದೆ. ಬಂದರಿನಲ್ಲಿ ಎತ್ತಲು ಬೇರೆ ಸಲಕರಣೆ ಬೇಕು, ಅದಕ್ಕೂ ಹಣ.

ಹಾಗಾದರೆ ಯಂತ್ರದ ಮೇಲಿನ ಮೋಟಾರನ್ನು ಬಿಚ್ಚಿದರೆ? 25 ಸೆಂಟಿಮೀಟರ್ ಇಳಿದರೆ ಎತ್ತರ 2.45 ಮೀಟರ್ ಆಯಿತು. ಹೈ-ಕ್ಯೂಬಿನ ಬಾಗಿಲಲ್ಲೇ ಹೋಗುತ್ತದೆ, ಹೆಚ್ಚುವರಿ ಬಾಡಿಗೆ ಉಳಿಯುತ್ತದೆ. ಆದರೆ ನಿರ್ಧಾರಕ್ಕೆ ಮುಂಚೆ ಮಾಲು ಇಳಿಯುವ ಊರಿಗೆ ಫೋನು ಮಾಡಿ ಕೇಳಿ. ಮೋಟಾರನ್ನು ಮತ್ತೆ ಕೂರಿಸುವ ಫಿಟ್ಟರ್ ಅಲ್ಲಿದ್ದಾರೆಯೇ? 9 ಟನ್ ಮಾಲನ್ನು ಬಾಗಿಲಿಂದ ಹೊರಗೆಳೆಯುವ ಅನುಕೂಲವಿದೆಯೇ, ಅಥವಾ ಕ್ರೇನ್ ಇದೆಯೇ? ಅಲ್ಲಿ ಬರೀ ಕ್ರೇನ್ ಇದ್ದರೆ ಓಪನ್-ಟಾಪೇ ಸರಿ. ಬಾಡಿಗೆ ಉಳಿಸಿ, ಆಮೇಲೆ ಇಲ್ಲಿಂದ ಫಿಟ್ಟರನ್ನು ವಿಮಾನದಲ್ಲಿ ಕಳಿಸಬೇಕಾಗಿ ಬಂದರೆ ಉಳಿದದ್ದೇನು?

ಕಂಟೇನರ್ ಬಂದಾಗ ಟಾರ್ಪಾಲು ಬಿಚ್ಚಿ ಹರಿದಿದೆಯೇ ನೋಡಿ. ಅಡ್ಡ ಕಂಬಿಗಳನ್ನು ಎಣಿಸಿ. ಒಂದು ಕಂಬಿ ಕಡಿಮೆಯಾದರೂ ಅಲ್ಲಿ ಟಾರ್ಪಾಲು ಜೋತು, ಮಳೆ ನೀರು ನಿಲ್ಲುತ್ತದೆ. ಜೂನ್‌ನಿಂದ ಕೊಂಕಣದ ಮಳೆ ಎಂಥದ್ದೆಂದು ಘಟ್ಟ ಇಳಿದು ನ್ಹಾವಾ ಶೇವಾ ಬಂದರಿಗೆ ಹೋದವರಿಗೆ ಗೊತ್ತು. ತಲೆ ಹೊರಗಿರುವ ಯಂತ್ರಕ್ಕೆ ಕಂಟೇನರಿನ ಟಾರ್ಪಾಲು ಸಾಲದು. ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಮೇಲೆ ಬೇರೆ ಹೊದಿಕೆ ಬಿಗಿಯಬೇಕು. ಮರದ ತೊಲೆಗಳಿಗೆ ಶಾಖದಲ್ಲಿ ಸಂಸ್ಕರಿಸಿದ ಮುದ್ರೆ ಇರಲಿ. ಮುದ್ರೆ ಇಲ್ಲದ ಮರವನ್ನು ಅನೇಕ ದೇಶಗಳು ಒಳಗೆ ಬಿಡುವುದಿಲ್ಲ.

ಕಡೆಯದಾಗಿ ತೂಕ. 2016ರ ಜುಲೈ 1ರಿಂದ, ತುಂಬಿದ ಕಂಟೇನರಿನ ನಿಖರ ತೂಕವನ್ನು ತಿಳಿಸದೆ ಅದನ್ನು ಹಡಗಿಗೆ ಏರಿಸುವಂತಿಲ್ಲ. ಇದು ಬರೀ ಕಾಗದದ ಕೆಲಸವೆಂದು ತಿಳಿಯಬೇಡಿ. ತಪ್ಪು ತೂಕ ನಂಬಿ ಎತ್ತಿದ ಕ್ರೇನಿನ ಕೆಳಗೆ, ಸರಿಯಾಗಿ ಬಿಗಿಯದ ಯಂತ್ರದ ಮುಂದೆ ಘಟ್ಟದ ತಿರುವಿನಲ್ಲಿ ಇರುವವರು ಯಾರದೋ ಮನೆಯ ಮಕ್ಕಳು. ಸರಪಳಿ ಬಿಗಿಯುವ ಹುಡುಗರು ಇನ್ನೊಂದು ಗಂಟೆ ಬೇಕೆಂದರೆ ಕೊಡಿ. ಭಾರವೆಲ್ಲ ಒಂದೇ ಕಡೆ ಬೀಳದಂತೆ ಕೆಳಗೆ ತೊಲೆ ಹಾಕಿಸಿ.

ನಿಮ್ಮಲ್ಲಿ ಯಾರಾದರೂ ಈ ಕೆಲಸದಲ್ಲಿದ್ದರೆ, ಕಂಟೇನರ್ ಬುಕ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಿ: ಉದ್ದ, ಅಗಲ, ಎತ್ತರ, ತೂಕ, ಮತ್ತು ಅಲ್ಲಿ ಇಳಿಸುವ ಬಗೆ. ಐದೂ ತುಂಬಿದ ಮೇಲೆಯೇ ದರ ಕೇಳಿ.