60, 40, 30



ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 30ರ ವೇಗದಲ್ಲಿ ವಾಪಸು ಬಂತು ಅನ್ನಿ. (ನಮ್ಮ ಬಸ್ಸು 60 ಮುಟ್ಟುತ್ತದೆಯೇ ಎಂದು ಕೇಳಬೇಡಿ.) ಸರಾಸರಿ ವೇಗ ಎಷ್ಟು? 45 ಅನ್ನುವವರೇ ಹೆಚ್ಚು. ಅಲ್ಲ, 40. ಬರುವಾಗ ಎರಡು ಪಟ್ಟು ಹೊತ್ತು ಹಿಡಿಯಿತಲ್ಲ!

60, 40, 30 ಹರಾತ್ಮಕ ಶ್ರೇಢಿ. ವ್ಯುತ್ಕ್ರಮ ಬರೆದು ನೋಡಿ: 1/60, 1/40, 1/30. ಅಂದರೆ 2/120, 3/120, 4/120. ಸಮಾಂತರ ಶ್ರೇಢಿ ಬಂತು.

ಈಗ ಬಸ್ಸಿಳಿದು ವೀಣೆಯ ಹತ್ತಿರ ಬನ್ನಿ. 60 ಸೆಂ.ಮೀ. ತಂತಿ ಮೀಟಿದಾಗ ಷಡ್ಜ ಬಂತು ಎಂದುಕೊಳ್ಳಿ. ಬಿಗಿ ಬದಲಿಸದೆ, 40 ಉಳಿಯುವಂತೆ ಒತ್ತಿ ಮೀಟಿದರೆ ಪಂಚಮ. 30 ಉಳಿದರೆ ತಾರಷಡ್ಜ. ತಂತಿ ಗಿಡ್ಡವಾದಷ್ಟೂ ಕಂಪನ ಹೆಚ್ಚು. ಕಿವಿ ಕೇಳುವುದು ಆ 2, 3, 4ರ ಅನುಪಾತವನ್ನೇ. ಮಂಟೇಸ್ವಾಮಿ ಕಾವ್ಯ ಹಾಡುವ ನಮ್ಮ ಸೀಮೆಯ ನೀಲಗಾರರ ತಂಬೂರಿ ತಂತಿಗೂ ಇದೇ ಲೆಕ್ಕ.

ಈ ಶ್ರೇಢಿಯನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆವು, ಅದರ ನಾದ ಕೇಳಲಿಲ್ಲ. ಅದಕ್ಕೇ ಒಂದು ಹಲಗೆ, ಎರಡು ಮೊಳೆ, ಒಂದು ತಂತಿ ತಂದಿದ್ದೇನೆ. ಅಳತೆಯ ಗೆರೆ ಎಳೆದಿದೆ. ಹತ್ತನೇ ತರಗತಿಯ ಮಕ್ಕಳು ಮೊದಲು ಬರಲಿ, ಮೀಟಿ ನೋಡಲಿ.