ಕಾಟಾದ ಅಂಕಿ, ಕ್ಲಾಸಿನ ಪಾಠ: ಸಿಮೆಂಟ್ ಸೀಮೆಯಲ್ಲಿ ಎಂಐಎಸ್

ಕಲಬುರಗಿ ಜಿಲ್ಲೆ ಸೇಡಂ ತಾಲೂಕಿನ ಆದಿತ್ಯನಗರ. ಸಿಮೆಂಟ್ ಒಯ್ಯಲು ಬಂದ ಖಾಲಿ ಲಾರಿ ಮೊದಲು ಕಾಟಾ ಏರುತ್ತದೆ. 50 ಕೆ.ಜಿ.ಯ 400 ಚೀಲ ಹೇರಿಕೊಂಡು ಮತ್ತೆ ಕಾಟಾಕ್ಕೆ ಬಂದಾಗ ಎರಡು ತೂಕಗಳ ನಡುವೆ 20 ಟನ್ ವ್ಯತ್ಯಾಸ ಇರಬೇಕು. ಲೆಕ್ಕ ಕೂಡಿದರೆ ಬಿಲ್ ಹೊರಬರುತ್ತದೆ. ಆ ಒಂದೇ ಅಂಕಿ ಗೋದಾಮಿನ ದಾಸ್ತಾನು ಇಳಿಸುತ್ತದೆ, ಡೀಲರ್ ಖಾತೆಯಲ್ಲಿ ಬಾಕಿ ಏರಿಸುತ್ತದೆ, ಮ್ಯಾನೇಜರ್ ನೋಡುವ ವರದಿಯಲ್ಲಿ ಒಂದು ಸಾಲಾಗುತ್ತದೆ.

ಯಾವ ಅಂಕಿ, ಯಾರಿಗೆ, ಯಾವಾಗ ತಲುಪಬೇಕು? ಮ್ಯಾನೇಜ್‌ಮೆಂಟ್ ಇನ್‌ಫರ್ಮೇಷನ್ ಸಿಸ್ಟಮ್ಸ್, ಅಂದರೆ ಎಂಐಎಸ್, ಕಲಿಸುವುದು ಇದನ್ನೇ.

ಈ ವಿದ್ಯೆಯ ಬೇರು ಒಂದು ಬೇಕರಿಯಲ್ಲಿದೆ. ಬ್ರಿಟನ್ನಿನ ಜೆ. ಲಯನ್ಸ್ ಕಂಪನಿ ಕೇಕು, ಬ್ರೆಡ್ಡು ತಯಾರಿಸಿ ತನ್ನದೇ ಚಹಾ ಅಂಗಡಿಗಳಲ್ಲಿ ಮಾರುತ್ತಿತ್ತು. ಲೆಕ್ಕದ ಹೊರೆ ಇಳಿಸಿಕೊಳ್ಳಲು ಅದು 'ಲಿಯೋ' ಎಂಬ ಕಂಪ್ಯೂಟರನ್ನೇ ಕಟ್ಟಿತು. 1951ರ ನವೆಂಬರ್‌ನಲ್ಲಿ ಅದು ಬೇಕರಿ ಮಾಲಿನ ಬೆಲೆ ಲೆಕ್ಕ ಹಾಕತೊಡಗಿತು. ವ್ಯಾಪಾರದ ನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಇಳಿದದ್ದು ಹೀಗೆ.

ಹದಿನಾರು ವರ್ಷದ ನಂತರ, 1967ರಲ್ಲಿ, ರಸೆಲ್ ಆಕಾಫ್ ಎಂಬ ವಿದ್ವಾಂಸ ಎಚ್ಚರಿಕೆಯ ಗಂಟೆ ಬಾರಿಸಿದ. ಮ್ಯಾನೇಜರುಗಳನ್ನು ಕಾಡುತ್ತಿರುವುದು ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ರಾಶಿ ಎಂಬುದು ಅವನ ವಾದ. ಮರುವರ್ಷವೇ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ ಮತ್ತು ಜೊತೆಗಾರರು ಎಂಐಎಸ್‌ನಲ್ಲಿ ಪಿಎಚ್‌.ಡಿ. ಓದಿಗೆ ದಾರಿ ಮಾಡಿದರು. ಡೇವಿಸ್ ಬರೆದ ಪಠ್ಯ 1974ರಲ್ಲಿ ಬಂತು.

ಇತ್ತ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದದ್ದೂ 1968ರಲ್ಲೇ. ಶಹಾಬಾದಿನ ಫರ್ಸಿಗೆ ಹೆಸರಾದ ಈ ಸುಣ್ಣಕಲ್ಲಿನ ನೆಲದಲ್ಲಿ, 1980ರ ದಶಕಕ್ಕೆ ಆದಿತ್ಯನಗರ ಮತ್ತು ಸೇಡಂನಲ್ಲೂ ಸಿಮೆಂಟ್ ಗೂಡುಗಳು ಉರಿಯತೊಡಗಿದವು.

ಲೆಕ್ಕ ಇಲ್ಲಿಗೆ ಹೊಸದಲ್ಲ. ಆದಿತ್ಯನಗರಕ್ಕೆ ಹತ್ತಿರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ವ್ಯಾಪಾರದಿಂದ ಅಡುಗೆ, ವೈದ್ಯ, ವಾಸ್ತುವಿನವರೆಗೆ ಎಲ್ಲೆಡೆ ಗಣಿತ ಬೇಕೆಂದು ಗ್ರಂಥದ ಆರಂಭದಲ್ಲೇ ಸಾರಿದ.

ಉನ್ನತ ಶಿಕ್ಷಣ ಮಾತ್ರ ತಡವಾಗಿ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ಈ ಭಾಗದ ಚಿಂಚೋಳಿ, ಚಿತ್ತಾಪುರದ ಮಕ್ಕಳಿಗೆ ಸೀಟಿನಲ್ಲಿ ಮೀಸಲಾತಿಯೂ ಸಿಕ್ಕಿತು.

ಅವರ ಎಂಐಎಸ್ ಓದಿಗೆ ಕರ್ನಾಟಕವೇ ಕೊಟ್ಟ ದೊಡ್ಡ ಉದಾಹರಣೆ ಜಮೀನು ದಾಖಲೆಗಳ 'ಭೂಮಿ' ಯೋಜನೆ. ಮೊದಲು ಪಹಣಿ ಇರುತ್ತಿದ್ದದ್ದು ಗ್ರಾಮಲೆಕ್ಕಿಗರ ಕೈಬರಹದಲ್ಲಿ. ಒಂದು ಪ್ರತಿಗೂ ಅವರನ್ನೇ ಕಾಯಬೇಕಿತ್ತು. ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದ ಮೇಲೆ ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕಾಯಿತು. ಅಧಿಕಾರಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಾಯಿತು. ಕೌಂಟರಿನ ಆಚೆ ನಿಂತ ರೈತನ ಬಲ ಹೆಚ್ಚಿದ್ದು ಇಂಥ ನಿಯಮಗಳಿಂದ. ಕಂಪ್ಯೂಟರ್ ಕೊಂಡರೆ ಸಾಲದು, ಕೆಲಸದ ಕ್ರಮವನ್ನೇ ತಿದ್ದಬೇಕು ಎಂಬ ಎಂಐಎಸ್ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹೀಗಿರುವಾಗ ಈ ಭಾಗದ ವಿದ್ಯಾರ್ಥಿ ದೂರದ ಸೂಪರ್‌ಮಾರ್ಕೆಟ್‌ಗಳ ಉದಾಹರಣೆಯನ್ನಷ್ಟೇ ಬಾಯಿಪಾಠ ಮಾಡಬೇಕಿಲ್ಲ. ವಾಡಿ ಜಂಕ್ಷನ್ನಿನ ಗೂಡ್ಸ್ ವ್ಯಾಗನ್ನುಗಳ ಲೆಕ್ಕ, ಕಾರ್ಖಾನೆಯ ಕಾಟಾ, 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಮಾರುಕಟ್ಟೆ ಎಲ್ಲವೂ ಪ್ರಾಜೆಕ್ಟ್‌ಗೆ ಒದಗುವ ವಸ್ತುಗಳೇ. ಚೀಲ ಹೊತ್ತು ಸೇಡಂ ಎಪಿಎಂಸಿಗೆ ಹೊರಡುವ ಮೊದಲೇ ರೈತನಿಗೆ ಯಾವ ಮೂರು ಅಂಕಿ ಗೊತ್ತಿರಬೇಕು ಎಂಬ ಪ್ರಶ್ನೆಯಿಂದ ಅದನ್ನು ಶುರುಮಾಡಬಹುದು.